ಬೀಗರ ಮನೆಯ ಹೋಳಿಗೆ

ಮಹಾಕೂಟದ ಹತ್ತಿರದ ಹಳ್ಳಿಯ ಮಲಕಪ್ಪನಿಗೆ ಕುರಿಗಳ ಜೊತೆ ಮಾತಾಡುವುದು ಸಲೀಸು, ಮನುಷ್ಯರ ಜೊತೆ ಕಷ್ಟ. ಮಗಳು ಮಾದೇವಿಯ ನಿಶ್ಚಯದ ದಿನ ಗಂಡಿನ ಮನೆಯಲ್ಲಿ ಅವರ ಕಡೆಯ ಹಿರಿಯರು "ಊಟ ಹೆಂಗಿತ್ರಿ?" ಎಂದು ಕೇಳಿದ್ದಕ್ಕೆ, "ಸಾರಿಗೆ ಉಪ್ಪು ಕಡಿಮಿ, ಹೋಳಿಗಿನೂ ಕಡಿಮಿ" ಎಂದುಬಿಟ್ಟಿದ್ದ. ಹೆಂಡತಿ ಹುಚ್ಚವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ, ಮಾದೇವಿಯ ಮದುವೆಯಾದ ವರ್ಷವೇ, ಅವಳನ್ನು ನೋಡಲು ಅವನೊಬ್ಬನೇ ಕುಳಗೇರಿ ಕ್ರಾಸಿನ ಬೀಗರ ಮನೆಗೆ ಹೋಗಬೇಕಾಯಿತು. ಹಟ್ಟಿಯಲ್ಲಿ ಎಮ್ಮೆ ಈಯುವುದಿತ್ತು, ಹುಚ್ಚವ್ವ ಬರುವಂತಿರಲಿಲ್ಲ. ಹೊರಡುವ ಮುಂಚೆ ಅವಳು ಗಂಡನನ್ನು ತಾಟಿನ ಮುಂದೆ ಕೂರಿಸಿ, ತಾನೇ ಬೀಗತಿಯಾಗಿ ಬುಟ್ಟಿ ಹಿಡಿದು ನಿಂತಳು.

"ಹೋಳಿಗಿ ಹಾಕ್ಲೇನ್ರಿ ಬೀಗರ?"

"ಹಾಕು."

"ಹಂಗಲ್ರಿ! ಮೊದ್ಲ ಬ್ಯಾಡ ಅನ್ನಬೇಕು. ಕೈ ಅಡ್ಡ ಹಿಡೀಬೇಕು. ಅವರು ಜುಲುಮಿ ಮಾಡ್ತಾರ. ಆಮ್ಯಾಲೆ ಸಾಕ್ರಿ ಸಾಕ್ರಿ ಅನಕೋತ ಹಾಕಿಸ್ಕೋಬೇಕು."

"ಬೇಕಿದ್ರೂ ಬ್ಯಾಡ ಅನ್ನೂದು?"

"ಬೇಕಿದ್ರನ ಬ್ಯಾಡ ಅನ್ನೂದು."

ಕುಳಗೇರಿಯಲ್ಲಿ ಬೀಗ ಅಮಾತೆಪ್ಪ ತಾನೇ ಬಡಿಸಲು ನಿಂತ. ಬಿಸಿ ಹೋಳಿಗೆಯ ವಾಸನೆಗೆ ಮಲಕಪ್ಪನ ಬಾಯಲ್ಲಿ ನೀರೂರಿತು. ಆದರೂ ಪಾಠ ಮರೆಯಲಿಲ್ಲ. ಕೈ ಅಡ್ಡ ಹಿಡಿದು "ಬ್ಯಾಡ್ರಿ" ಎಂದ.

"ಬ್ಯಾಡಾ? ಆತ ಬಿಡ್ರಿ," ಎಂದು ಅಮಾತೆಪ್ಪ ಬುಟ್ಟಿ ಒಳಗೆ ಒಯ್ದ. ತುಪ್ಪವೂ ಹಾಗೇ ಹೋಯಿತು. ಅನ್ನವೂ ಹೋಯಿತು. ಮಲಕಪ್ಪ ನೀರು ಕುಡಿದು ಜಂತಿ ನೋಡುತ್ತ ಕೂತ.

ಒಳಗಿನಿಂದ ಬೀಗತಿ ಪದ್ಮವ್ವನ ದನಿ ಕೇಳಿಸಿತು. "ಅಯ್ಯ, ಬೀಗರನ್ನ ಉಪಾಸ ಕೂಡ್ರಿಸಿ ಬಂದ್ರ್ಯಾ?"

"ನೀನ ಕಲಿಸೀದಿ! ಹ್ವಾದ ಸಲ ಜುಲುಮಿ ಮಾಡಿ ಹಾಕಿದ್ದಕ್ಕ ನಿಮ್ಮಣ್ಣ ವಾಂತಿ ಮಾಡ್ಕೊಂಡ. ಬ್ಯಾಡ ಅಂದವ್ರಿಗೆ ಹಾಕಬ್ಯಾಡ್ರಿ ಅಂತ ಅವತ್ತಿಂದ ಬೈಯಾಕತ್ತೀದಿ."

ಮಲಕಪ್ಪ ಕೂತಲ್ಲಿಂದಲೇ ಕೂಗಿದ: "ನಮ್ಮನ್ಯಾಗೂ ಪಾಠ ಆಗೇತ್ರಿ!"

ಅಮಾತೆಪ್ಪ ಬಾಗಿಲಲ್ಲಿ ಇಣುಕಿದ.

"ನಿಮಗೇನ್ ಕಲಿಸ್ಯಾರ್ರಿ?"

"ಬ್ಯಾಡ ಅನ್ನೂದು."

"ಖರೆ ಬೇಕಿತ್ತೇನು?"

"ಭಾಳ ಬೇಕಿತ್ರಿ."

ಅಮಾತೆಪ್ಪ ಬುಟ್ಟಿ ತಂದು ನಡುವೆ ಇಟ್ಟು ತಾನೂ ಎದುರು ಕೂತ. ಇಬ್ಬರೂ ತಲೆ ಎತ್ತದೆ ತಿಂದರು. ಬಾಗಿಲ ಮರೆಯಲ್ಲಿ ಮಾದೇವಿ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು.

ಮುಂದಿನ ತಿಂಗಳು ಅಮಾತೆಪ್ಪ ಏನೂ ಕೆಲಸವಿಲ್ಲದಿದ್ದರೂ ಮಲಕಪ್ಪನ ಊರಿಗೆ ಬಂದ. ಹೊತ್ತು ಮುಳುಗುವ ತನಕ ಇಬ್ಬರೂ ಕುರಿಹಟ್ಟಿಯ ಕಲ್ಲಿನ ಮೇಲೆ ಕೂತಿದ್ದರು. ಚಹಾ ಕೊಡಲು ಹೋದಾಗಲೆಲ್ಲ ಹುಚ್ಚವ್ವ ಕಿವಿಗೊಟ್ಟು ಕೇಳಿದಳು. ಒಂದು ಮಾತೂ ಇಲ್ಲ.

ಹೊರಡುವಾಗ ಅಮಾತೆಪ್ಪ ರುಮಾಲು ಸರಿಮಾಡಿಕೊಂಡು ಅವಳಿಗೆ ಹೇಳಿದ: "ಇವತ್ತ ಭಾಳ ಮಾತಾಡಿದ್ವಿ ನೋಡ್ರಿ, ತಂಗೀ. ಮನಸ್ಸು ಹಗರಾತು."