ಓದಿದೆ, ಧನ್ಯವಾದ

ಕೊರಿಯಾದ ಇಂಚಿಯಾನ್ ನಗರದ ಒಂದು ಸಣ್ಣ ಹೋಟೆಲಿನಲ್ಲಿ ದೊಂಗ್‌ಪಿಲ್ ಒಂದು ಕೈಯಿಂದ ಸೂಪು-ಅನ್ನ ಉಣ್ಣುತ್ತ ಇನ್ನೊಂದು ಕೈಯಿಂದ ಫೋನು ಒತ್ತುತ್ತಿದ್ದ. ಊಟದ ಬಿಡುವಿನಲ್ಲೇ ಮುಗಿಸಬೇಕಾದ, ಸಂಬಳವಿಲ್ಲದ ಕೆಲಸ ಅದು. ಶಾಲೆಯ ಹುಡುಗಿಯೊಬ್ಬಳನ್ನು ಸಹಪಾಠಿಗಳು ಕಾಡಿ ಕಾಡಿ ಮಹಡಿಯಿಂದ ತಳ್ಳುವ ವಿಡಿಯೋ ಗೇಮ್ ಒಂದಿತ್ತು. ಆ ಹುಡುಗಿಗೆ ಯಾರ ಮುಖವನ್ನಾದರೂ ಅಂಟಿಸಬಹುದಿತ್ತು. ಅದರ ಅಭಿಮಾನಿಗಳು ಹರಟುವ ತಾಣಕ್ಕೆ ಅವನು ಮೇಲ್ವಿಚಾರಕ.

ಹೊಸ ಸದಸ್ಯರು ಬೇರೆಯವರ ಬರಹಗಳಿಗೆ ಹತ್ತು ಪ್ರತಿಕ್ರಿಯೆ ಬರೆಯುವವರೆಗೆ ಅಲ್ಲಿ ದೂರು ಕೊಡುವಂತಿರಲಿಲ್ಲ. ಕಾಟಾಚಾರಕ್ಕೆ ಬರೆದದ್ದು ಲೆಕ್ಕಕ್ಕಿಲ್ಲ. ಯಾಂಗ್‌ಮಿ ಎಂಬ ಹೆಂಗಸು ಎಲ್ಲ ಕಡೆಯೂ ‘ಓದಿದೆ, ಧನ್ಯವಾದ’ ಎಂದಷ್ಟೇ ಬರೆದಿದ್ದಳು. ದೂರು ಕೊಡುವ ಹಕ್ಕು ಕೇಳಿದ್ದ ಅವಳ ಅರ್ಜಿಯನ್ನು ದೊಂಗ್‌ಪಿಲ್ ಎರಡನೇ ಸಲ ತಳ್ಳಿಹಾಕಿದ.

"ಯಾರೋ ಅಜ್ಜಿ ಇರ್ಬೇಕು ಬಿಡೋ," ಎಂದು ಎದುರಿಗಿದ್ದ ಛಾಂಗ್‌ಸಿಕ್ ಫೋನಿನತ್ತ ಇಣುಕಿ ನಕ್ಕ. ತಾಣವನ್ನು ಇವನ ಜೊತೆ ಕಟ್ಟಿದವನು ಅವನೇ.

ಆಗಲೇ ಅವಳ ಸಂದೇಶ ಬಂತು.

"ಮೇಲ್ವಿಚಾರಕರೇ, ಮತ್ತೆ ತೊಂದ್ರೆ ಕೊಡ್ತಿದೀನಿ, ಕ್ಷಮಿಸಿ. ನಂಗೆ ಗೇಮ್ ಗೊತ್ತಿಲ್ಲ, ಏನು ಬರೀಬೇಕೋ ತೋಚಲ್ಲ. ಆ ಹುಡುಗಿಗೆ ಅಂಟಿಸಿರೋ ಮುಖ ನನ್ನ ಮಗಳದು. ಹೋದ ವರ್ಷ ಶಾಲೆ ಮಹಡಿಯಿಂದ ಬಿದ್ದು ತೀರ್ಕೊಂಡ್ಳು. ಅದನ್ನ ತೆಗೆಸೋಕೆ ಇನ್ನೂ ಎಷ್ಟು ಬರೀಬೇಕು?"

ದೊಂಗ್‌ಪಿಲ್ ಅವಳ ಪ್ರತಿಕ್ರಿಯೆಗಳನ್ನು ತೆರೆದು ನೋಡಿದ. ಒಂದು ಪ್ರತಿಕ್ರಿಯೆ ಅವಳ ಮಗಳ ಮುಖ ಅಂಟಿಸಿದ ಗೇಮಿನ ಚಿತ್ರದ ಕೆಳಗೇ ಇತ್ತು; ಅದನ್ನು ತಾಣಕ್ಕೆ ಹಾಕಿದ್ದವನು ಛಾಂಗ್‌ಸಿಕ್. ಕೆಳಗೆ ಜನರ ನಗೆ, ಗೇಲಿ. ಅವುಗಳ ನಡುವೆ ತಾಯಿಯ ಮಾತೂ ಇತ್ತು: ಓದಿದೆ, ಧನ್ಯವಾದ. ಹಕ್ಕು ಸಿಗಲೆಂದು ಅವಳು ಅಲ್ಲೂ ಬರೆದಿದ್ದಳು. ಅವನು ಚಮಚವನ್ನು ಕೆಳಗಿಟ್ಟ.

"ಅಣ್ಣ, ಆ ಮುಖ ಎಲ್ಲಿಂದ ತಂದೆ?"

"ಯಾರೋ ಕಳಿಸಿದ್ರು ಕಣೋ. ಯಾಕೆ?"

ದೊಂಗ್‌ಪಿಲ್ ಫೋನನ್ನು ಅವನ ಮುಂದಿಟ್ಟ. ಛಾಂಗ್‌ಸಿಕ್ ಓದಿ ಅದನ್ನು ಹಿಂದಕ್ಕೆ ಸರಿಸಿದ.

"ಪಾಪ, ನಿಜ. ಆದ್ರೆ ಇವತ್ತು ಒಬ್ರು ಅತ್ರು ಅಂತ ಇದನ್ನ ತೆಗೆದ್ರೆ, ನಾಳೆ ಗೇಮನ್ನೇ ನಿಲ್ಸಿ ಅಂತಾರೆ. ಹಂಗಂತ ಊರೆಲ್ಲ ವಾದ ಮಾಡ್ದೋನು ನೀನೇ ಅಲ್ವಾ?"

"ಗೇಮ್ ಇರ್ಲಿ ಅಂತ ಈಗ್ಲೂ ಅಂತೀನಿ. ಇದು ಗೇಮಲ್ಲ ಅಣ್ಣ, ಒಬ್ರ ಮಗಳು."

"ಹುಡುಗ್ರು ನಿನ್ನ ಸುಮ್ನೆ ಬಿಡಲ್ಲ, ನೋಡ್ಕೋ."

ದೊಂಗ್‌ಪಿಲ್ ಚಿತ್ರವನ್ನು ಅಳಿಸಿದ. ಛಾಂಗ್‌ಸಿಕ್‌ನನ್ನು ಅವನೆದುರಿಗೇ ತಾಣದಿಂದ ಹೊರಹಾಕಿದ. ಛಾಂಗ್‌ಸಿಕ್ ಬಟ್ಟಲನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದ. ಸಂಜೆಯ ಹೊತ್ತಿಗೆ ತಾಣದ ತುಂಬ ದೊಂಗ್‌ಪಿಲ್‌ಗೆ ಬೈಗುಳವೋ ಬೈಗುಳ.

ಅವನು ಅವನ್ನು ಓದಲಿಲ್ಲ. ಆ ತಾಯಿಯ ಧನ್ಯವಾದಗಳನ್ನು ಒಂದೊಂದಾಗಿ ಹುಡುಕಿ ಅಳಿಸುತ್ತಿದ್ದ. ಕೊನೆಗೆ ಬರೆದ: "ಅಮ್ಮ, ತೆಗ್ದಿದೀನಿ. ಮೊದ್ಲೇ ನೋಡ್ಬೇಕಿತ್ತು. ತಪ್ಪು ನಂದೇ."

ಕೂಡಲೇ ಉತ್ತರ ಬಂತು.

"ದೊಡ್ಡ ಉಪಕಾರ ಆಯ್ತು. ಈಗ ಇನ್ನೊಂದು ತಾಣದಲ್ಲೂ ಅದನ್ನ ಹಾಕಿದಾರೆ. ಅಲ್ಲಿ ಐವತ್ತು ಬರೀಬೇಕಂತೆ. ಏನು ಬರೆದ್ರೆ ಒಪ್ತಾರೆ, ಸ್ವಲ್ಪ ಹೇಳಿಕೊಡ್ತೀರಾ?"

"ನೀವು ಬರೀಬೇಡಿ ಅಮ್ಮ," ಎಂದು ಉತ್ತರಿಸಿದ ದೊಂಗ್‌ಪಿಲ್. "ಅಲ್ಲಿಗೆ ಹೋಗ್ಲೂಬೇಡಿ. ನಾನು ಬರೀತೀನಿ."

ಆ ತಾಣಕ್ಕೆ ಹೊಸ ಸದಸ್ಯನಾಗಿ ಸೇರಿ, ಅವನು ಮೊದಲನೆಯ ಪ್ರತಿಕ್ರಿಯೆ ಬರೆಯತೊಡಗಿದ.