ವರ್ಲೀನಳ ಎರಡನೇ ಅರ್ಜಿ

ಮೊದಲ ಸಲ ದಿವಾಳಿ ಅರ್ಜಿ ಹಾಕಿದಾಗ ವರ್ಲೀನ್ ಟಬ್ಸ್ ತಲೆಗೆ ಸ್ಕಾರ್ಫ್ ಸುತ್ತಿ, ಕಪ್ಪು ಕನ್ನಡಕ ಏರಿಸಿ ಕೋರ್ಟಿಗೆ ಹೋಗಿದ್ದಳು. ಅಮೆರಿಕದ ಮೆಂಫಿಸ್ ಊರಿನಲ್ಲಿ ಆ ಮೆಟ್ಟಿಲು ಹತ್ತದವರು ಕಡಿಮೆ, ಹತ್ತಿದೆ ಎಂದು ಒಪ್ಪಿಕೊಳ್ಳುವವರು ಇನ್ನೂ ಕಡಿಮೆ. ಸಾಲ ತೀರಿಸಲು ಕೋರ್ಟು ಗೊತ್ತುಮಾಡಿದ ತಿಂಗಳ ಕಂತು ತಪ್ಪಿ ಆ ಕೇಸು ವಜಾ ಆಯಿತು. ವರ್ಷ ತುಂಬುವ ಮೊದಲೇ ಅವಳು ಮತ್ತೆ ಅರ್ಜಿ ಹಾಕಿದಳು.

ವಕೀಲ ಪೋಲ್ಕ್ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟ. ಎರಡನೇ ಸಲಕ್ಕೆ ಕೋರ್ಟಿನ ರಕ್ಷಣೆ ಒಂದೇ ತಿಂಗಳು. ಅಷ್ಟರೊಳಗೆ, ಈ ಬಾರಿ ನಿಜವಾಗಿ ಏನೋ ಬದಲಾಗಿದೆ ಎಂದು ನ್ಯಾಯಾಧೀಶರನ್ನು ಒಪ್ಪಿಸಬೇಕು. ಇಲ್ಲದಿದ್ದರೆ ಸಾಲ ಕೊಟ್ಟವರು ಕಾರು ಎಳೆದುಕೊಂಡು ಹೋಗುತ್ತಾರೆ. ಮನೆಮನೆಗೆ ಹೋಗಿ ವಯಸ್ಸಾದವರಿಗೆ ಸ್ನಾನ ಮಾಡಿಸಿ, ಊಟ ಮಾಡಿಸಿ ಬದುಕುವ ವರ್ಲೀನಳಿಗೆ ಕಾರು ಹೋದರೆ ಕೆಲಸವೂ ಹೋದ ಹಾಗೆಯೇ.

"ಉಳೀಬೇಕಾಗಿದ್ದ ದುಡ್ಡು ತಿಂಗಳು ತಿಂಗಳೂ ಎಲ್ಲಿ ಹೋಯ್ತಮ್ಮ?" ಎಂದು ಪೋಲ್ಕ್ ಹಳೆಯ ಲೆಕ್ಕ ತೋರಿಸಿದ.

ಚರ್ಚಿಗೆ ಎಂದಳು. ಸಂಬಳದ ಹತ್ತನೇ ಒಂದು ಪಾಲು, ದೇವರ ದಶಮಾಂಶ, ತೆಗೆದಿಟ್ಟ ಮೇಲೆಯೇ ಅವಳಿಗೆ ಮಿಕ್ಕ ಖರ್ಚು. ಪೋಲ್ಕ್ ಹಣೆ ಚಚ್ಚಿಕೊಂಡ. ಕಾನೂನಿನಲ್ಲೇ ಅದಕ್ಕೆ ಜಾಗವಿದೆ, ಆಗಲೇ ಬಾಯಿಬಿಟ್ಟಿದ್ದರೆ ಕಂತು ಇಳಿಯುತ್ತಿತ್ತಂತೆ. ಈಗ ಚರ್ಚಿನ ಖಜಾಂಚಿಯಿಂದ ಒಂದು ಕಾಗದ ತರಬೇಕಿತ್ತು.

ವರ್ಲೀನ್ ಬಾಯಿ ಬಿಡದೆ ಇದ್ದದ್ದೇ ಇದಕ್ಕೆ ಹೆದರಿ. ಭಾನುವಾರ ಬಿಳಿ ಗ್ಲೌಸ್ ತೊಟ್ಟು ನಡುಸಾಲಿನಲ್ಲಿ ಕಾಣಿಕೆ ತಟ್ಟೆ ಹಿಡಿಯುವವಳು ಅವಳು. ದಿವಾಳಿ ಎದ್ದವಳ ಕೈಗೆ ಆ ತಟ್ಟೆ ಯಾರು ಕೊಟ್ಟಾರು? ಅದೂ ಖಜಾಂಚಿ ಇಡೆಲ್ಲಾ ಪ್ರೂಯಿಟ್! ಆಕೆಯ ಒಂದು ನೋಟಕ್ಕೆ ಪಾದ್ರಿಗಳ ಪ್ರಸಂಗವೇ ಚಿಕ್ಕದಾಗುತ್ತಿತ್ತು.

ಆದರೂ ಹೋದಳು. ಬುಧವಾರ ಸಂಜೆ ಚರ್ಚಿನ ಅಡುಗೆಮನೆಯಲ್ಲಿ ಇಡೆಲ್ಲಾ ಕೇಕ್ ಕತ್ತರಿಸುತ್ತಿದ್ದಳು. ವರ್ಲೀನ್ ಬಾಗಿಲಲ್ಲೇ ನಿಂತು ಹೇಳಿದಳು.

"ಅಕ್ಕಾ, ನಾನು ದಿವಾಳಿ ಅರ್ಜಿ ಹಾಕಿದೀನಿ. ಎರಡನೇ ಸಲ. ದಶಮಾಂಶ ಕೊಡ್ತೀನಿ ಅಂತ ನೀವೊಂದು ಕಾಗದ ಬರ್ಕೊಡ್ಬೇಕು."

ಇಡೆಲ್ಲಾ ಚಾಕು ಒರೆಸಿಟ್ಟು, ವಿಚಾರಣೆ ಯಾವತ್ತು ಎಂದಷ್ಟೇ ಕೇಳಿದಳು. "ಕಾಗದ ಬರ್ಕೊಡ್ತೀನಿ. ಆದ್ರೆ ಅದನ್ನ ಓದೋಕೆ ಜಡ್ಜಿಗೆ ಪುರುಸೊತ್ತಿರಲ್ಲ ಕಣೇ. ನಾನೂ ಬರ್ತೀನಿ."

ಆ ದಿನ ವರ್ಲೀನ್ ಸ್ಕಾರ್ಫ್ ಸುತ್ತಲಿಲ್ಲ, ಕನ್ನಡಕ ಹಾಕಲಿಲ್ಲ. ನೋಡುವವರು ನೋಡಲಿ ಎಂದುಕೊಂಡಳು. ಪಕ್ಕದಲ್ಲಿ ಇಡೆಲ್ಲಾ, ತಲೆಯ ಮೇಲೆ ಈಸ್ಟರ್ ಹಬ್ಬದ ನೇರಳೆ ಟೋಪಿ. ಕೋರ್ಟಿನ ಬಾಗಿಲಲ್ಲಿ ಕಾವಲುಗಾರ ಮುಗುಳ್ನಕ್ಕ.

"ಏನ್ ಇಡೆಲ್ಲಮ್ಮ, ಮತ್ತೆ ಬಂದ್ರಾ? ನಿಮ್ಮ ಮೂರನೇ ಕೇಸೂ ಮುಗೀತಲ್ಲ?"

"ನಂದು ಮುಗೀತಪ್ಪ. ಇವತ್ತು ಇವಳದ್ದು," ಎಂದು ಇಡೆಲ್ಲಾ ತಪಾಸಣೆಗೆ ಕೈಚೀಲ ಇಟ್ಟಳು.

ವರ್ಲೀನ್ ನಿಂತಲ್ಲೇ ನಿಂತಳು. ನಗು ಬಂತು, ಅಳು ಬಂತು, ಸಿಟ್ಟೂ ಬಂತು. ಇಷ್ಟು ದಿನ ಹೆದರಿದ್ದು ಇವಳಿಗಾ?

ಬದಲಾಗಿದ್ದೇನು ಎಂದು ನ್ಯಾಯಾಧೀಶರು ಕೇಳಿದರು. ಪೋಲ್ಕ್ ಏಳುವ ಮೊದಲೇ ವರ್ಲೀನ್ ಎದ್ದಳು.

"ಹೋದ್ಸಲ ದೇವರಿಗೆ ಕೊಡೋದನ್ನ ನಿಮ್ಮ ಹತ್ರ ಮುಚ್ಚಿಟ್ಟೆ ಸ್ವಾಮಿ. ನಿಮ್ಮ ಹತ್ರ ಬಂದಿದ್ದನ್ನ ಚರ್ಚಲ್ಲಿ ಮುಚ್ಚಿಟ್ಟೆ. ಈ ಸಲ ಎರಡು ಕಡೇನೂ ಹೇಳಿದೀನಿ. ಕಂತೂ ಕಟ್ತೀನಿ, ಕಾಣಿಕೇನೂ ಹಾಕ್ತೀನಿ."

ನ್ಯಾಯಾಧೀಶರು ಕಾಗದ ನೋಡಿದರು, ಹಿಂದಿನ ಸಾಲಿನ ನೇರಳೆ ಟೋಪಿಯನ್ನೂ ನೋಡಿದರು. ಸಹಿ ತನ್ನದೇ ಎಂದು ಇಡೆಲ್ಲಾ ಎದ್ದು ಹೇಳಿದಳು. ಕೇಸು ಮುಗಿಯುವವರೆಗೆ ರಕ್ಷಣೆ ಮುಂದುವರಿಯಲಿ ಎಂದು ಆದೇಶವಾಯಿತು.

ಕಾರಿನಲ್ಲಿ ಕೂತ ಮೇಲೆ, ಒಂದು ದಿನವಾದರೂ ಹೇಳಬಾರದಿತ್ತಾ ಅಕ್ಕಾ ಎಂದು ವರ್ಲೀನ್ ಕೇಳಿಯೇ ಬಿಟ್ಟಳು.

"ನನಗೂ ನಿನ್ನ ಕಂಡ್ರೆ ಭಯ ಇತ್ತಲ್ಲೇ," ಎಂದಳು ಇಡೆಲ್ಲಾ, ಕಿಟಕಿಯ ಕಡೆ ತಿರುಗಿ. "ಭಾನುವಾರ ನನ್ನ ಮುಂದೆ ತಟ್ಟೆ ಹಿಡಿದು ನಿಲ್ತಿದ್ದೋಳು ನೀನೇ ಅಲ್ವಾ?"

ಮಧ್ಯಾಹ್ನ ಒಬ್ಬ ಮುದುಕನಿಗೆ ಸ್ನಾನ ಮಾಡಿಸುವುದಿತ್ತು, ಹೊತ್ತಾಗಿತ್ತು. ವರ್ಲೀನ್ ಕಣ್ಣೊರೆಸಿಕೊಂಡು, ತನ್ನದಾಗಿಯೇ ಉಳಿದ ಕಾರಿನ ಕೀಲಿ ತಿರುಗಿಸಿದಳು.