ಹೀರೋನ ಭೋಂಗಾ

ಗೋಕಾಕ ಫಾಲ್ಸ್‌ನ ಭೀಮೇಶ ಮಾಡಿದ ಕಿತಾಪತಿಗಳಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಒಂದೇ ಒಂದು. ತನ್ನ ಹಕ್ಕಿಗೆ ಮಿಲ್ಲಿನ ಭೋಂಗಾದಂತೆ, ಪಾಳಿಗೂ ಊಟಕ್ಕೂ ಊದುವ ಆ ಸೈರನ್ನಿನಂತೆ, ಕೂಗಲು ಕಲಿಸಿದ್ದು.

ಹಕ್ಕಿ ಕಾಕಟೀಲ್ ಎಂಬ ಸಣ್ಣ ಗಿಳಿಜಾತಿಯದು. ತಲೆಯ ಮೇಲೆ ಹಳದಿ ಜುಟ್ಟು, ಕೆನ್ನೆಗೆ ಕೆಂಪು ಬಟ್ಟು, ಹೆಸರು ಹೀರೋ. ಭೀಮೇಶನ ಅಜ್ಜ ದುರ್ಗಪ್ಪ ಮೂವತ್ತೆಂಟು ವರ್ಷ ಮಿಲ್ಲಿನಲ್ಲಿ ದುಡಿದು ಎಂದೋ ನಿವೃತ್ತನಾದವನು. ಅವನನ್ನು ಕಾಡಿಸಲೆಂದೇ ಭೀಮೇಶ ತಿಂಗಳುಗಟ್ಟಲೆ ಪಂಜರದ ಮುಂದೆ ಕೂತು ಭೋಂಗಾದ ಹಾಗೆ ಸೀಟಿ ಹೊಡೆದಿದ್ದ. ಹೀರೋ ಮೊದಲ ಸಲ ಉದ್ದಕ್ಕೆ ಎಳೆದು ಕೂಗಿದ ದಿನ ಅಜ್ಜ ಗಡಬಡಿಸಿ ಎದ್ದು, ಊಟದ ಡಬ್ಬಿ ಹುಡುಕಿ, ಚಪ್ಪಲಿ ಮೆಟ್ಟಿ ಪಾಳಿಗೆ ಹೊರಟೇಬಿಟ್ಟಿದ್ದ. ಭೀಮೇಶ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಆಮೇಲೆ ಅಜ್ಜನ ನೆನಪು ಕಳಚತೊಡಗಿತು. ಹೆಂಡತಿ ಗೌರಕ್ಕನನ್ನೇ ಯಾರೆಂದು ಕೇಳುವಂತಾಯಿತು. ರೊಟ್ಟಿ ಮುಂದಿಟ್ಟರೆ ಸುಮ್ಮನೆ ನೋಡುತ್ತ ಕೂರುವನು. ಹೀರೋ ಕೂಗಿದರೆ ಮಾತ್ರ ಊಟದ ಹೊತ್ತಾಯಿತೆಂದು ಕೈ ತೊಳೆದು ತಿನ್ನುವನು. ಕಡೆಯ ತುಣುಕನ್ನು ಪಂಜರದೊಳಗೆ ಹಾಕುವನು. ಗೌರಕ್ಕ ಅಮಾವಾಸ್ಯೆಗೊಮ್ಮೆ ದೃಷ್ಟಿ ತೆಗೆಯುತ್ತಿದ್ದದ್ದು ಹಕ್ಕಿಗೆ, ಮೊಮ್ಮಗನಿಗಲ್ಲ.

ಹುಕ್ಕೇರಿಯ ಸುಜಾತಾ ಪಶುವೈದ್ಯಕೀಯ ಓದುವ ಹುಡುಗಿ. ಪಂಜರದ ಹಕ್ಕಿಗಳ ಬಗ್ಗೆ ಅಭ್ಯಾಸ ಮಾಡುತ್ತಿದ್ದವಳು ಒಮ್ಮೆ ಬಂದು, ಹತ್ತಿ ಸುತ್ತಿದ ಕಡ್ಡಿಯಿಂದ ಹೀರೋನ ಬಾಯಿ ಒರೆಸಿ ಒಯ್ದಳು. ಎಂಟು ದಿನಕ್ಕೆ ಮೊಬೈಲಿಗೆ ಇಂಗ್ಲಿಷಿನ ರಿಪೋರ್ಟು ಬಂತು. ಭೀಮೇಶನ ಕಣ್ಣು ಮೇಲಿನ ಸಾಲನ್ನು ಹಾರಿ ಕೆಳಗಿನ ಮೂರು ಬ್ಯಾಕ್ಟೀರಿಯಾಗಳ ಹೆಸರಿನ ಮೇಲೆ ಬಿತ್ತು.

ಅವನು ಫೋನು ಮಾಡಿದ್ದು ಸುಜಾತಾಳಿಗಲ್ಲ, ಮೂಡಲಗಿಯಲ್ಲಿ ಬ್ರಾಯ್ಲರ್ ಕೋಳಿ ಸಾಕುವ ಗೆಳೆಯ ಅಶೋಕನಿಗೆ. ರೋಗವಿರಲಿ ಬಿಡಲಿ, ಇಡೀ ಶೆಡ್ಡಿನ ಕೋಳಿಗಳ ನೀರಿಗೆ ಆಂಟಿಬಯೋಟಿಕ್ ಪುಡಿ ಕಲಸುವುದು ಅಶೋಕನ ರೂಢಿ. ಜಡ್ಡು ಬಂದ ಮೇಲೆ ಓಡಾಡುವುದೇಕೆ, ಈಗಲೇ ಹಾಕಿಬಿಡು ಎಂದ. ಭೀಮೇಶ ಬೈಕಿನಲ್ಲಿ ಹೋಗಿ ಒಂದು ಪೊಟ್ಟಣ ತಂದ.

ಪುಡಿ ಕಲಸಿ, ಪಂಜರದ ಮುಂದೆ ಎದೆ ಸೆಟೆಸಿ ನಿಂತ. “ಹೀರೋ, ಈ ಭೀಮ್ಯಾ ಇರೂತನಕ ಯಾವ ವಿಲನ್ನಿಗೂ ಇಲ್ಲಿ ಎಂಟ್ರಿ ಇಲ್ಲ.”

“ನೆಟ್ಟಗಿರೂ ಹಕ್ಕಿಗೆ ಎಂಥಾ ಔಷಧೋ ನಿಂದು?” ಎಂದಳು ಗೌರಕ್ಕ.

“ಆಯಿ, ನಿನಗ ಇಂಗ್ಲಿಷ್ ಬರ್ತೈತೇನ? ರಿಪೋರ್ಟ್ ಐತಿ ನನ್ ಕಡೆ.”

ಐದು ದಿನ ಹಾಕಿದ. ಆರನೆಯ ದಿನ ಹೀರೋ ತಿಂದ ಕಾಳು ಕಕ್ಕತೊಡಗಿತು. ಕತ್ತಿನ ಕೆಳಗಿನ ಚೀಲ ಉಬ್ಬಿತು, ಬಾಯಲ್ಲಿ ಹುಳಿ ವಾಸನೆ. ಭೋಂಗಾ ಅರ್ಧಕ್ಕೇ ನಿಲ್ಲುತ್ತಿತ್ತು. ಭೀಮೇಶ ಪುಡಿಯನ್ನು ಇಮ್ಮಡಿ ಮಾಡಿದ.

ಎಂಟನೆಯ ದಿನ ಹಕ್ಕಿ ಪಂಜರದ ತಳಕ್ಕಿಳಿದು ಮೈ ಉಬ್ಬಿಸಿ ಕೂತಾಗ ಕೊನೆಗೂ ಸುಜಾತಾಳಿಗೆ ಫೋನು ಹೋಯಿತು. ಅವಳು ಎಲ್ಲವನ್ನೂ ಕೇಳಿದಳು, ಪುಡಿಯ ಹೆಸರನ್ನೂ ಕೇಳಿದಳು.

“ಮ್ಯಾಲಿನ ಸಾಲ ಓದಲಿಲ್ಲೇನ್ರಿ? ಹಕ್ಕಿ ಛಲೋ ಐತಿ ಅಂತ ಬರದಿದ್ದೆ. ಆ ಬ್ಯಾಕ್ಟೀರಿಯಾ ಅದರೊಳಗ ಇರಬೇಕಾದ್ವ ರಿ, ಅದರ ಮನಿ ಮಂದಿ ಇದ್ದಂಗ. ನೀವು ಅವನ್ನ ಹೊರಗ ಹಾಕಿದ್ರಿ. ಖಾಲಿ ಜಾಗಾದಾಗ ಫಂಗಸ್ ಬಂದ ಕುಂತೈತಿ.”

ಈಗಿಂದೀಗ ಹುಕ್ಕೇರಿಗೆ ತನ್ನಿರೆಂದಳು. ಭೀಮೇಶ ಹಕ್ಕಿಯನ್ನು ಅಂಗಿಯೊಳಗೆ ಎದೆಗವಚಿಕೊಂಡು ಬೈಕು ಬಿಟ್ಟ. ಘಟಪ್ರಭಾ ದಾಟುವ ಹೊತ್ತಿಗೆ ಎದೆಯ ಮೇಲಿನ ಆ ಸಣ್ಣ ಬಿಸಿ ಆರಿತ್ತು. ಆದರೂ ಹುಕ್ಕೇರಿಯ ತನಕ ಹೋದ. ಸುಜಾತಾ ಮುಟ್ಟಿ ನೋಡಿ ಇಲ್ಲವೆಂದು ತಲೆಯಾಡಿಸಿದಳು.

ಅಂದು ರಾತ್ರಿ ಅಜ್ಜ ಉಣ್ಣಲಿಲ್ಲ. ಮರುದಿನ ಮುಂಜಾನೆಯೂ ಇಲ್ಲ. ಮಧ್ಯಾಹ್ನ ಗೌರಕ್ಕ ರೊಟ್ಟಿ, ಬದನೆಕಾಯಿ ಪಲ್ಯ ಮುಂದಿಟ್ಟು, ಮೊಮ್ಮಗನ ಕಡೆಗೊಮ್ಮೆ ನೋಡಿದಳು.

ಭೀಮೇಶ ಬಾಗಿಲ ಹಿಂದೆ ಹೋಗಿ ನಿಂತ. ತುಟಿ ಒಣಗಿತ್ತು. ಎರಡು ಸಲ ಬರೀ ಗಾಳಿ ಬಂತು. ಮೂರನೆಯ ಸಲ ಭೋಂಗಾ ಬಂತು.

ಅಜ್ಜ ಕಿವಿ ನಿಮಿರಿಸಿದ. ಎದ್ದು ಕೈ ತೊಳೆದು ಬಂದು ರೊಟ್ಟಿ ಮುರಿದ. ನಿಧಾನಕ್ಕೆ ಪೂರಾ ತಿಂದು, ಕಡೆಯ ತುಣುಕು ಹಿಡಿದು ಪಂಜರದ ಹತ್ತಿರ ನಡೆದ. ಸರಳಿನ ನಡುವೆ ಒಳಗೆ ಹಾಕಿದ.

“ದನಿ ಸಣ್ಣ ಆಗೈತಿ ಇದರದು,” ಎಂದ ಗೌರಕ್ಕನಿಗೆ. “ಜಡ್ಡ ಬಂದಿದ್ದೀತು. ಒಂದೀಟ ಔಷಧ ಹಾಕ್ರಿ.”

ಬಾಗಿಲ ಹಿಂದೆ ಭೀಮೇಶ ಅಳು ಕೇಳಿಸದಂತೆ ಬಾಯಿಗೆ ಟವೆಲ್ಲು ತುರುಕಿಕೊಂಡ.